ಪೈಲಟ್ ಕಂಡದ್ದು ನಿಜ, ದೂರ ಮಾತ್ರ ಅಂದಾಜು

ಯುದ್ಧವಿಮಾನ ಹಾರಿಸುವವರಿಗೆ ಉಲ್ಕೆ ಯಾವುದೆಂದು ತಿಳಿಯದೇ? ಹಾರುವ ತಟ್ಟೆಗಳ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಎದ್ದೇ ಏಳುತ್ತದೆ. ‘ಅದು ಉಲ್ಕೆ’ ಎಂದರೆ ಪೈಲಟ್‌ನ ಮರ್ಯಾದೆ ತೆಗೆದಂತೆ ಎಂದು ವಾದಿಸುವವರ ಜೊತೆ ನನಗೆ ಬಲವಾದ ತಕರಾರಿದೆ.

1969ರ ಜೂನ್ 5ರಂದು ಅಮೆರಿಕದ ಸೇಂಟ್ ಲೂಯಿಸ್ ಬಳಿ, ಇನ್ನೂ ಹಗಲಿನ ಬೆಳಕಿರುವಾಗಲೇ ನಡೆದದ್ದನ್ನು ನೋಡಿ. ಸುಮಾರು 39,000 ಅಡಿ ಎತ್ತರದಲ್ಲಿ ಹಾರುತ್ತಿದ್ದ ಪ್ರಯಾಣಿಕ ವಿಮಾನವೊಂದರ ಎದುರಿಗೆ ಹೊಳೆಯುವ ವಸ್ತುಗಳ ದಂಡೊಂದು ನುಗ್ಗಿ ಬಂತು. ಡಿಕ್ಕಿ ತಪ್ಪದೆಂದೇ ಕಾಕ್‌ಪಿಟ್‌ನಲ್ಲಿದ್ದವರು ಬೆದರಿದರು. ಹಿಂದೆ ಬರುತ್ತಿದ್ದ ಏರ್ ನ್ಯಾಷನಲ್ ಗಾರ್ಡ್ (ಅಮೆರಿಕದ ಮೀಸಲು ವಾಯುಪಡೆ) ಯುದ್ಧವಿಮಾನದ ಪೈಲಟ್ ಕೂಡ ಅದನ್ನು ಕಂಡರು. ಕೊನೆಯ ಗಳಿಗೆಯಲ್ಲಿ ಅವು ಡಿಕ್ಕಿ ತಪ್ಪಿಸಲೆಂದೇ ಮೇಲಕ್ಕೇರಿದಂತೆ ಅವರಿಗೆ ಕಾಣಿಸಿತು. ಅದೇ ಹೊತ್ತಿಗೆ ಇಲಿನಾಯ್‌ನ ಪಿಯೋರಿಯಾದಲ್ಲಿ ಒಬ್ಬರು, ಉರಿಯುತ್ತ ಚೂರಾಗುತ್ತಿದ್ದ ಅಗ್ನಿಗೋಳವೊಂದರ ಫೋಟೊ ತೆಗೆದಿದ್ದರು. ವಿಮಾನಯಾನ ಪತ್ರಕರ್ತ ಫಿಲಿಪ್ ಕ್ಲಾಸ್ ಎರಡನ್ನೂ ತಾಳೆ ನೋಡಿದರು. ಮೂಗಿನ ಮುಂದೆಯೇ ಹಾದುಹೋಯಿತು ಎನಿಸಿದ್ದು ಸುಮಾರು 200 ಕಿಲೋಮೀಟರ್ ಆಚೆ ಉರಿದ ಉಲ್ಕೆ!

ಇದರಲ್ಲಿ ಪೈಲಟ್ ಮಾಡಿದ ತಪ್ಪೇನು? ಎರಡು ಕಣ್ಣುಗಳಿಂದ ದೂರ ಅಳೆಯುವ ನಮ್ಮ ಶಕ್ತಿ ಕೆಲವು ನೂರು ಮೀಟರ್ ದಾಟಿದರೆ ಬಹುಮಟ್ಟಿಗೆ ಸೋಲುತ್ತದೆ. ಅದರಾಚೆ ವಸ್ತುವಿನ ಗಾತ್ರ ಗೊತ್ತಿದ್ದರೆ ಮಾತ್ರ ದೂರ ಊಹಿಸಬಹುದು. ಖಾಲಿ ಆಕಾಶದಲ್ಲಿ ಅಪರಿಚಿತ ಬೆಳಕೊಂದು ಬಂದಾಗ ಅದರ ಗಾತ್ರ ಯಾರಿಗೆ ಗೊತ್ತು? ಹತ್ತಿರದಲ್ಲಿ ವಿಮಾನದ ವೇಗದಲ್ಲಿ ಹೋಗುವುದೂ ದೂರದಲ್ಲಿ ಸೆಕೆಂಡಿಗೆ ಇಪ್ಪತ್ತು ಕಿಲೋಮೀಟರ್ ಧಾವಿಸುವುದೂ ಕಣ್ಣಿಗೆ ಒಂದೇ. ಪೈಲಟ್‌ನ ತರಬೇತಿ ಮೊದಲು ಕೇಳುವ ಪ್ರಶ್ನೆ, ‘ಇದು ನನಗೆ ಬಡಿಯುತ್ತದೆಯೇ?’ ಹತ್ತಿರವಿದೆ ಎಂದೇ ಭಾವಿಸಿ ಎಚ್ಚರಗೊಳ್ಳುವವನು ಬದುಕುತ್ತಾನೆ. ನೂರಾರು ಪ್ರಯಾಣಿಕರ ಜೀವ ಕಾಯುವ ಈ ಎಚ್ಚರವನ್ನು ನಾನು ಗೌರವಿಸುತ್ತೇನೆ.

1948ರ ಜುಲೈ 24ರ ನಸುಕಿನಲ್ಲಿ ಅಲಬಾಮಾದ ಮೇಲೆ ಚೈಲ್ಸ್ ಮತ್ತು ವಿಟೆಡ್ ಎಂಬ ಇಬ್ಬರು ಪೈಲಟ್‌ಗಳು ಸಾಲು ಕಿಟಕಿಗಳಿದ್ದ, ರೆಕ್ಕೆಯಿಲ್ಲದ ನೌಕೆಯನ್ನೇ ಕಂಡರು. ಇಬ್ಬರೂ ಯುದ್ಧಕಾಲದಲ್ಲಿ ಸೇನೆಯ ವಿಮಾನ ಹಾರಿಸಿದವರು. ಅದೇ ವಿಮಾನದಲ್ಲಿ ಎಚ್ಚರವಿದ್ದ ಪ್ರಯಾಣಿಕನಿಗೆ ಕಂಡದ್ದು ಒಂದು ಬೆಳಕಿನ ಗೆರೆ ಮಾತ್ರ. ಖಗೋಳಜ್ಞ ಹೈನೆಕ್ ಆಗ ಉಲ್ಕೆಯತ್ತಲೇ ಬೊಟ್ಟು ಮಾಡಿದ್ದರು. ನನಗೂ ಅದೇ ಸರಿ ಎನಿಸುತ್ತದೆ.

ಹಾಗೆಂದು ‘ಉಲ್ಕೆ’, ‘ಗ್ರಹ’ ಎಂಬ ಮುದ್ರೆಯನ್ನು ಕಂಡಕಂಡ ಕಡತಕ್ಕೆಲ್ಲ ಒತ್ತುವುದನ್ನೂ ನಾನು ಸಹಿಸುವುದಿಲ್ಲ. 1948ರ ಜನವರಿಯಲ್ಲಿ ಕೆಂಟಕಿಯ ಮೇಲೆ ಹೊಳೆಯುವ ವಸ್ತುವೊಂದನ್ನು ಬೆನ್ನಟ್ಟಿ ಯುದ್ಧವಿಮಾನದ ಪೈಲಟ್ ಕ್ಯಾಪ್ಟನ್ ಮ್ಯಾಂಟೆಲ್ ಪ್ರಾಣ ತೆತ್ತಾಗ, ಅಧಿಕಾರಿಗಳು ಮೊದಲು ಬೆರಳು ತೋರಿಸಿದ್ದು ಶುಕ್ರಗ್ರಹದತ್ತ. ಅದು ನೌಕಾಪಡೆಯ ರಹಸ್ಯ ಯೋಜನೆಯ, ಅತಿ ಎತ್ತರಕ್ಕೇರುವ ದೈತ್ಯ ಸ್ಕೈಹುಕ್ ಬಲೂನ್ ಆಗಿರಬೇಕು ಎಂಬ ಹೆಚ್ಚು ಒಪ್ಪುವ ವಿವರಣೆ ಬಂದದ್ದು ಆಮೇಲೆ. ಇಂಥ ಅವಸರದ ಉತ್ತರಗಳಿಂದಲೇ ಜನರ ನಂಬಿಕೆ ಹೋಗುತ್ತದೆ.

ಪೈಲಟ್ ವರದಿ ಕೊಟ್ಟರೆ ನಗಬೇಡಿ. ಎಷ್ಟು ದೂರವಿತ್ತು ಎಂದೂ ಕೇಳಬೇಡಿ. ಎಷ್ಟು ಸೆಕೆಂಡ್ ಕಾಣಿಸಿತು, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಯಿತು, ದಿಗಂತದಿಂದ ಎಷ್ಟು ಮೇಲಿತ್ತು ಎಂದು ಕೇಳಿ. ಇದನ್ನು ಆತ ದೂರಕ್ಕಿಂತ ಹೆಚ್ಚು ನಂಬುವಂತೆ ಹೇಳಬಲ್ಲ. ಬೇರೊಂದು ಊರಿನಿಂದ ಅದೇ ಬೆಳಕನ್ನು ಕಂಡವರ ಮಾತು ಇದರ ಜೊತೆ ಸೇರಿದರೆ, ದೂರವನ್ನು ಲೆಕ್ಕ ಹಾಕಿಯೇ ತಿಳಿಯಬಹುದು.