ಸದ್ದು! ಸ್ಪೋಕನ್ ಇಂಗ್ಲಿಷ್ ನಡೀತಿದೆ

ಮಹಾರಾಷ್ಟ್ರದಲ್ಲಿ 2000ದಿಂದಲೇ ಒಂದನೇ ಕ್ಲಾಸಿಗೆ ಇಂಗ್ಲಿಷ್ ಬಂದಿದೆ. ಮಕ್ಕಳ ಬಾಯಿಗೆ ಮಾತ್ರ ಇನ್ನೂ ಬಂದಿಲ್ಲ. ಅದಕ್ಕೇ ಈಗ ಪಾಠ ಕಡಿಮೆ, ಆಕ್ಟಿವಿಟಿ ಜಾಸ್ತಿ. ಇಬ್ಬಿಬ್ಬರನ್ನು ಜೋಡಿ ಮಾಡಿ ಮಾತಾಡಿಸಿದರೆ ಹೆದರಿಕೆ ಹೋಗುತ್ತದೆ, ನಾಲಗೆ ಸಡಿಲವಾಗುತ್ತದೆ. ಒಳ್ಳೆಯ ಉಪಾಯವೇ. ತೊಂದರೆ ಒಂದೇ, ಮಾತಾಡಿದರೆ ಸದ್ದಾಗುತ್ತದೆ.

ಮುಂಬಯಿಯ ಒಂದು ಕನ್ನಡ ಶಾಲೆ, ಹೆಸರು ಬೇಡ. ಅಂದು ಅಂಗಡಿಯವ–ಗಿರಾಕಿ ಆಟ. ಸಂಭಾಷಣೆಯನ್ನೆಲ್ಲ ಟೀಚರ್ ಬೋರ್ಡಿನ ಮೇಲೆ ಬರೆದಿದ್ದರು. 'ಗುಡ್ ಮಾರ್ನಿಂಗ್ ಸರ್, ಮೇ ಐ ಹ್ಯಾವ್ ಒನ್ ಕೆಜಿ ಟೊಮೆಟೋಸ್ ಪ್ಲೀಸ್?' ದಾದರ್ ಮಾರ್ಕೆಟ್ಟಿನಲ್ಲಿ ಹೀಗೆ ಕೇಳುತ್ತ ನಿಂತವನಿಗೆ ಟೊಮೆಟೊ ಇರಲಿ, ನಿಲ್ಲಲು ಜಾಗವೂ ಸಿಗಲಿಕ್ಕಿಲ್ಲ.

ಗಿರಾಕಿಯಾದ ಹುಡುಗ ಸಂಜೆ ಮಾಮನ ಇಡ್ಲಿ ಗಾಡಿಯಲ್ಲಿ ಚಟ್ನಿ ಬಡಿಸುವವನು. ಮರಾಠಿ, ಹಿಂದಿ, ತುಳು, ಆಫೀಸಿನವರು ಬಂದರೆ ಇಂಗ್ಲಿಷ್, ಎಲ್ಲದರಲ್ಲೂ ವ್ಯವಹಾರ ಮುಗಿಸುತ್ತಾನೆ. ಅಂಗಡಿಯವ ರೇಟು ಹೇಳಿದ್ದೇ ತಡ, 'ಟೂ ಮಚ್ ಅಂಕಲ್! ಯೆಸ್ಟರ್‌ಡೇ ಥರ್ಟಿ ಓನ್ಲಿ! ಕೊತ್ತಂಬರಿ ಫ್ರೀ ಗಿವ್!' ಅಂದ. ಕ್ಲಾಸು ಗೊಳ್ಳೆಂದು ನಕ್ಕಿತು. ಅಂಗಡಿಯವನಿಗೂ ಹುರುಪು ಬಂದು 'ನೋ ಫ್ರೀ, ಗೋ ಗೋ!' ಎಂದ.

'ಏ, ಬೋರ್ಡಲ್ಲಿ ಇರೋದನ್ನಷ್ಟೇ ಹೇಳ್ರೋ!' ಎಂದರು ಟೀಚರ್. ಬಾಗಿಲಲ್ಲಿ ಹೆಡ್‌ಮಾಸ್ತರು ಪ್ರತ್ಯಕ್ಷ. 'ಏನ್ ಗಲಾಟೆ ಇದು?' 'ಸರ್, ಸ್ಪೋಕನ್ ಇಂಗ್ಲಿಷ್...' 'ಮಾಡ್ಲಿ, ಮೆಲ್ಲಗೆ ಮಾಡ್ಲಿ.'

ಟೀಚರನ್ನು ಬೈದು ಏನು ಪ್ರಯೋಜನ? ಬೆಲ್ ಹೊಡೆಯುವುದರೊಳಗೆ ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗಬೇಕು. ಫೋಟೋದಲ್ಲಿ ಬಾಯಿ ತೆರೆದಿದ್ದರೆ ಸಾಕು, ಏನು ಹೊರಟಿತೆಂದು ಯಾರು ಕೇಳುತ್ತಾರೆ?

ಪರೀಕ್ಷೆ ನಡೆಸುವ ರಾಜ್ಯ ಬೋರ್ಡಿನವರದು ಇನ್ನೂ ಚೆಂದ. ಹತ್ತನೇ ಕ್ಲಾಸಿನ ಇಂಗ್ಲಿಷ್ ಪ್ರಶ್ನೆಪತ್ರಿಕೆಗೆ ಈಗ 'ಆಕ್ಟಿವಿಟಿ ಶೀಟ್' ಎಂದು ಹೆಸರು. ಆಕ್ಟಿವಿಟಿ ಏನಪ್ಪಾ ಅಂದರೆ, ಮೂರು ಗಂಟೆ ತುಟಿ ಬಿಚ್ಚದೆ ಕೂತು ಬರೆಯುವುದು. ಮಾತಿಗೆ ಅಂಕ ಇಲ್ಲವೇ? ಇದೆ, ಶಾಲೆಯ ಕೈಯಲ್ಲಿರುವ 20 ಆಂತರಿಕ ಅಂಕಗಳಲ್ಲಿ. 2019ರಲ್ಲಿ ಭಾಷಾ ವಿಷಯಗಳ ಈ 20 ಅಂಕ ತೆಗೆದರು. ಹಿಂದಿನ ವರ್ಷ ಶೇ. 89.41 ಇದ್ದ ಫಲಿತಾಂಶ ಶೇ. 77.10ಕ್ಕೆ ಬಿತ್ತು. ಅಂಕ ವಾಪಸ್ ಕೊಟ್ಟರು, 2020ರಲ್ಲಿ ಶೇ. 95.30! ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳ ನಾಲಗೆ ಎಷ್ಟು ಚುರುಕಾಯಿತು ನೋಡಿ.

ನಮ್ಮ ಶಾಲೆಯಲ್ಲಿ ಮುಂದಿನ ವಾರ ಡಿಬೇಟ್ ಇದೆಯಂತೆ. ಪರ, ವಿರೋಧ ಎರಡನ್ನೂ ಟೀಚರೇ ಬರೆದುಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದಾರೆ. ಗೆದ್ದವರ ಹೆಸರು ಸರ್ಟಿಫಿಕೇಟಿನ ಮೇಲೆ ಪ್ರಿಂಟಾಗಿಯೂ ಆಗಿದೆ. ಇಡ್ಲಿ ಗಾಡಿಯ ಹುಡುಗನಿಗೂ ಕೆಲಸ ಕೊಟ್ಟಿದ್ದಾರೆ, ಗಲಾಟೆ ಮಾಡುವವರ ಹೆಸರು ಬರೆದುಕೊಳ್ಳುವುದು.