ಒತ್ತು ಬಿಚ್ಚಿದರೆ ಕನ್ನಡ ಜಾಸ್ತಿ!

ನಮ್ಮ ಬೀದಿಯ ರಾಜ್ಯೋತ್ಸವಕ್ಕೆ ಫ್ಲೆಕ್ಸ್ ಬಂತು. ಬಿಡಿಸಿ ನೋಡಿದರೆ, 'ಕನ್‌ನಡ ರಾಜ್‌ಯೋತ್‌ಸವದ ಹಾರ್‌ದಿಕ ಶುಭಾಶಯಗಳು'. ಒತ್ತು ಅಂದರೆ ಅಕ್ಷರದ ಕೆಳಗೆ ಸುಮ್ನೆ ಮುದುಡಿ ಕೂರುವ ಜೀವ. ಇಲ್ಲಿ ಎಲ್ಲವೂ ಎದ್ದು ಬಂದು, ರೇಷನ್ ಅಂಗಡಿ ಮುಂದಿನ ಹಾಗೆ ಸಾಲಾಗಿ ನಿಂತಿದ್ದವು.

ಪ್ರಿಂಟಿಂಗ್ ಅಂಗಡಿಗೆ ಹೋದೆ. "ಕಂಪ್ಯೂಟರ್‌ಗೆ ಕನ್ನಡ ಬರಲ್ಲ ಸಾರ್" ಎಂದ. ನಾನು ಕಳಿಸಿದ್ದ ಅದೇ ಸಾಲು ಅವನ ಮೊಬೈಲಿನಲ್ಲಿ ಮುತ್ತು ಪೋಣಿಸಿದ ಹಾಗಿತ್ತು. ತೋರಿಸಿದೆ. "ಅದು ಮೊಬೈಲು ಸಾರ್. ಇದು ಡಿಸೈನು."

ನಿಜ ಹೇಳಬೇಕೆಂದರೆ ಕಂಪ್ಯೂಟರಿನ ಹೊಟ್ಟೆಯಲ್ಲಿ 'ನ್ನ' ಅನ್ನುವ ಅಕ್ಷರವೇ ಇಲ್ಲ. ಒಂದು ನ, ಒಂದು ಹಲಂತ (ಸ್ವರ ಕಳೆಯುವ ಗುರುತು), ಇನ್ನೊಂದು ನ. ಯೂನಿಕೋಡ್‌ನಲ್ಲಿ ಅಂದರೆ ಕಂಪ್ಯೂಟರು ಅಕ್ಷರಗಳಿಗೆ ಇಟ್ಟ ನಂಬರಿನ ಪಟ್ಟಿಯಲ್ಲಿ, ಮೂರೂ ಬಿಡಿಬಿಡಿ. ಎರಡನೇ ನ-ವನ್ನು ಕುಗ್ಗಿಸಿ ಮೊದಲನೆಯದರ ಕೆಳಗೆ ಕೂರಿಸುವುದು, 'ಹಾರ್ದಿಕ'ದ ರ-ಕಾರಕ್ಕೆ ಅರ್ಕಾವತ್ತಿನ ವೇಷ ಹಾಕಿ 'ದಿ'ಯ ಹಿಂದಕ್ಕೆ ಕಳಿಸುವುದು, ಇದೆಲ್ಲ ಶೇಪಿಂಗ್ ಎಂಜಿನ್ ಅನ್ನುವ ಸಾಫ್ಟ್‌ವೇರಿನ ಕೆಲಸ. ಆಂಡ್ರಾಯ್ಡ್ ಫೋನಿನಲ್ಲಿ ಈ ಕೆಲಸ ಮಾಡುವುದು ಹಾರ್ಫ್‌ಬಜ್. ಹೆಸರು ಪರ್ಷಿಯನ್ ಭಾಷೆಯದು. ಅದನ್ನು ಬೆಳೆಸಿದ ಬೆಹ್ದಾದ್ ಎಸ್ಫಹ್ಬೋದ್ ಹುಟ್ಟಿದ್ದು ಇರಾನಿನಲ್ಲಿ. ಅಲ್ಲಿನ ಲಿಪಿಯಲ್ಲೂ ಅಕ್ಷರಕ್ಕೆ ಪದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು, ಕೊನೆಯಲ್ಲಿ ಇನ್ನೊಂದು. ಎಲ್ಲಿಯ ಇರಾನು, ಎಲ್ಲಿಯ ಅರ್ಕಾವತ್ತು! ಆದರೂ ಫೋನಿನಲ್ಲಿ ಅದು ಸರಿಯಾದ ಜಾಗದಲ್ಲೇ ಕೂರುತ್ತದೆ. ನಮ್ಮ ಬೀದಿ ತುದಿಯ ಅಂಗಡಿಯಲ್ಲಿ ಕೂರುವುದಿಲ್ಲ.

ಡಿಸೈನ್ ಸಾಫ್ಟ್‌ವೇರಿಗೆ ಈ ವಿದ್ಯೆ ಗೊತ್ತಿಲ್ಲ ಅಂತಲ್ಲ. ಸೆಟ್ಟಿಂಗ್‌ನಲ್ಲಿ ಭಾರತೀಯ ಲಿಪಿಗಳದ್ದು ಅಂತ ಒಂದು ಆಯ್ಕೆ ಇದೆ. ಒತ್ತಿದರೆ ಮುಗಿಯಿತು. ಒತ್ತಿಗಾಗಿ ಯಾರೂ ಒತ್ತುವುದಿಲ್ಲ, ಅಷ್ಟೇ.

ವಾದ ಬಿಟ್ಟು ತಲೆ ಎತ್ತಿದೆ. ಅಂಗಡಿಯ ಹೊಸ ಬೋರ್ಡು: 'ಡಿಜಿಟಲ್ ಪ್‌ರಿಂಟ್‌ಸ್'. ಆಗ ಜ್ಞಾನೋದಯವಾಯಿತು. ಬೋರ್ಡಿನಲ್ಲಿ 60 ಪರ್ಸೆಂಟ್ ಕನ್ನಡ ಇರಲೇಬೇಕು ಅಂತ 2024ರಲ್ಲಿ ಕಾನೂನು ಬಿಗಿಯಾಗಿದೆ. ಪರ್ಸೆಂಟ್ ಅಂದಮೇಲೆ ಟೇಪು ಹಿಡಿದು ಅಳೆಯಬೇಕು. ಒತ್ತು ಕೆಳಗೆ ಕೂತರೆ ಪದ ಗಿಡ್ಡ. ಅದನ್ನು ಎಬ್ಬಿಸಿ ಪಕ್ಕಕ್ಕೆ ನಿಲ್ಲಿಸಿದರೆ ಪದ ಉದ್ದ. 'ಕನ್ನಡ'ಕ್ಕಿಂತ 'ಕನ್‌ನಡ' ಜಾಸ್ತಿ ಕನ್ನಡ ಅಲ್ವಾ? ಎಲ್ಲ ಒತ್ತುಗಳನ್ನೂ ಬಿಚ್ಚಿ ನಿಲ್ಲಿಸಿ, ಇಂಗ್ಲಿಷಿಗೆ ಬೋರ್ಡಿನಲ್ಲಿ ಜಾಗವೇ ಸಿಗುವುದಿಲ್ಲ. ಟೇಪಿಗಂತೂ ಕಾಗುಣಿತ ಬರುವುದಿಲ್ಲ.

ಈ ಸಂಶೋಧನೆಯನ್ನು ನಮ್ಮ ಸಂಘದ ಕಾರ್ಯದರ್ಶಿಗೆ ಹೇಳಿದೆ. ಅವರು ನಗಲಿಲ್ಲ. "ಒಳ್ಳೇ ಪಾಯಿಂಟು" ಎಂದು ಡೈರಿಯಲ್ಲಿ ಬರೆದುಕೊಂಡರು.

ಸಂಜೆ ಫ್ಲೆಕ್ಸಿನ ಬಿಲ್ಲು ಬಂತು. ಚದರಡಿ ಲೆಕ್ಕ. ನಾವು ಹೇಳಿದ್ದು ಆರಡಿ ಉದ್ದ, ಅವನು ಹಾಕಿದ್ದು ಎಂಟಡಿ. ಎರಡಡಿ ಜಾಸ್ತಿ ಯಾಕಪ್ಪಾ ಅಂತ ಫೋನ್ ಮಾಡಿದೆ.

"ಅಕ್ಷರ ಹಿಡಿಸ್ಲಿಲ್ಲ ಸಾರ್. ಒತ್ತು ಜಾಸ್ತಿ ಇತ್ತು."