ಕೆಂಪು ದೀಪ ಹತ್ತಿದರೆ ಯಾರೂ ನಿಮ್ಮ ಮಾತು ಕೇಳ್ತಿಲ್ಲ

ಕಲಬುರಗಿಯ ಆಫೀಸು ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ರಿಸೆಪ್ಷನ್ ಫೋನಿನ ಪಕ್ಕದ ಬಟನ್ ಪೆಟ್ಟಿಗೆಯಲ್ಲಿ ನಿಮ್ಮ ಹೆಸರಿನ ದೀಪ ಕೆಂಪಾದರೆ ನಿಮ್ಮ ಮಾತು ಕದ್ದು ಕೇಳ್ತಿದ್ದಾರೆ." ಇದು ತಪ್ಪು.

ಆಫೀಸು ಫೋನ್ ಜೋಡಿಸೋದೇ ನನ್ನ ಕೆಲಸ. ಆ ದೀಪ ಹೇಳೋದು ಇಷ್ಟೇ: ಲೈನ್ ಖಾಲಿ ಇದೆಯಾ, ರಿಂಗ್ ಆಗ್ತಿದೆಯಾ, ಬಿಜಿನಾ. ಐಪಿ ಫೋನಾದರೆ (ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ನಡೆಯೋ ಫೋನು), ಯಾವುದೋ ಎಕ್ಸ್‌ಟೆನ್ಷನ್ (ಆಫೀಸಿನ ಒಳಗಿನ ಲೈನ್) ಸ್ಥಿತಿ ಬದಲಾದರೆ ತಿಳಿಸು ಅಂತ ಫೋನು ಇಪಿಎಬಿಎಕ್ಸ್‌ಗೆ (ಆಫೀಸಿನ ಕರೆಗಳನ್ನೆಲ್ಲ ಜೋಡಿಸೋ ಯಂತ್ರ) ಮೊದಲೇ ಹೇಳಿಟ್ಟಿರುತ್ತದೆ. ಬದಲಾದಾಗ ಒಂದು ಪುಟ್ಟ ಸಂದೇಶ ಬರುತ್ತದೆ. ಅದರಲ್ಲಿ ದನಿ ಇರೋದಿಲ್ಲ. ದನಿ ಹೋಗೋ ದಾರಿಯೇ ಬೇರೆ. ಸ್ಥಿತಿ ತಿಳಿಸುವ ಈ ಕ್ರಮ 2005ರ ಆರ್‌ಎಫ್‌ಸಿ 4235 ಅನ್ನೋ ಇಂಟರ್ನೆಟ್ ಮಾನದಂಡದ ದಾಖಲೆಯಲ್ಲಿ ಬರೆದಿದೆ.

ಒಂದು ಮಾತು ಮಾತ್ರ ನಿಜ. ನಿಮ್ಮ ಫೋನ್ ರಿಂಗ್ ಆಗುವಾಗ ಆ ಬಟನ್ ಒತ್ತಿ ಕರೆಯನ್ನು ರಿಸೆಪ್ಷನ್‌ನವರು ಎತ್ತಿಕೊಳ್ಳಬಹುದು, ಹಾಗೆ ಸೆಟ್ ಮಾಡಿದ್ದರೆ. ನಡೆಯುತ್ತಿರುವ ಮಾತಿನೊಳಗೆ ನುಗ್ಗಲು ಬೇರೆಯದೇ ಅನುಮತಿ ಬೇಕು. ದೀಪಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮೊನ್ನೆ ಒಂದು ಆಫೀಸಿಗೆ ಹೋಗಿದ್ದೆ. ಪೆಟ್ಟಿಗೆಯ ನಾಲ್ಕು ದೀಪಗಳ ಮೇಲೆ ಯಾರೋ ಕಪ್ಪು ಟೇಪ್ ಅಂಟಿಸಿದ್ದರು. "ಯಾರು ಬಿಜಿ ಅಂತ ಗೊತ್ತೇ ಆಗಲ್ರೀ, ಬಿಜಿ ಇದ್ದವರಿಗೇ ಕರೆ ದಾಟಿಸ್ತೀನಿ, ಬೈಗುಳ ನನಗೆ" ಅಂದರು ಅಲ್ಲಿಯ ರಿಸೆಪ್ಷನ್ ಅಕ್ಕ. ಕೇಳಿ ತುಂಬಾ ಬೇಜಾರಾಯಿತು. ಸುಮ್ನೆ ಅವರ ಮೇಲೆ ಅನುಮಾನ ಬೇಡ. ಸಂಶಯ ಇದ್ದರೆ ಇಪಿಎಬಿಎಕ್ಸ್ ನೋಡಿಕೊಳ್ಳುವವರನ್ನು ಕರೆದು, ನಡುವೆ ನುಗ್ಗುವ ಅನುಮತಿ ಯಾರಿಗಿದೆ ಅಂತ ತೋರಿಸಲು ಹೇಳಿ. ಆ ಟೇಪ್ ಮಾತ್ರ ಇವತ್ತೇ ಕಿತ್ತುಬಿಡಿ.